ಯಾರೂ ಕಾಣದ ಹೊಳಪು

"ಇದು ಇದರ ಒಳಗೆ ಹೋದದ್ದಾದ್ರೂ ಹೇಗೆ?"

ಅಪೇಕ್ಷಾ ಕೇಳಿದ್ದು ಯಾರನ್ನೂ ಅಲ್ಲ. ಎದುರಿನ ಸೂಕ್ಷ್ಮದರ್ಶಕದ ಪರದೆಯನ್ನೂ ಅಲ್ಲ, ಬೆನ್ನ ಹಿಂದೆ ನಿಂತಿದ್ದ ಯಜ್ಞೇಶ್ವರನನ್ನೂ ಅಲ್ಲ. ಠಾಣೆ ಪಟ್ಟಣದ ನೌಪಾಡಾದಲ್ಲಿ, ಉಡುಪಿ ಹೋಟೆಲಿನವರ ಮನೆಯಲ್ಲಿ ಬೆಳೆದ ಹುಡುಗಿ ಅವಳು. ಕೆಲಸದ ಮಾತೆಲ್ಲ ಹಿಂದಿಯಲ್ಲಿ. ಬೆರಗಾದಾಗ ಮಾತ್ರ ತನಗೆ ತಾನೇ ಆಡಿಕೊಳ್ಳುವ ಮಾತು ಅಜ್ಜಿಯ ಕನ್ನಡದಲ್ಲಿ ಬರುತ್ತಿತ್ತು.

ಯಜ್ಞೇಶ್ವರ ಪರದೆಯತ್ತ ಇನ್ನಷ್ಟು ಬಾಗಿದ. ವಿಮಾ ಕಂಪನಿಗಳ ಪರವಾಗಿ ಅಪಘಾತಗಳ ಜಾಡು ಹಿಡಿಯುವುದು ಅವನ ಕಸುಬು. ಕೇಳುವುದಕ್ಕಿಂತ ಕಾಯುವುದರಿಂದಲೇ ಹೆಚ್ಚು ತಿಳಿಯುತ್ತದೆಂದು ಅವನು ಎಂದೋ ಕಂಡುಕೊಂಡಿದ್ದ.

ಅಪೇಕ್ಷಾ ಕೆಲಸ ಮಾಡುವ ಮಹಾಪೆಯ ಪ್ರಯೋಗಶಾಲೆಯ ಮೇಜಿನ ಮೇಲೆ ತುರ್ಭೆಯ ಕಾರ್ಖಾನೆಯೊಂದರಿಂದ ತಂದ ಬಾಟಲಿ ಸೀಳಿಸಿಕೊಂಡು ಮಲಗಿತ್ತು. ಬಾಟಲಿ ಎನ್ನುವುದು ಕೆಲಸದವರ ಮಾತು. ನೋಡಿದರೆ ಅದೊಂದು ಬಿಳಿ ಪಿಂಗಾಣಿಯ ಕೊಳವೆ. ಒಳಗಿನ ಗಾಳಿಯನ್ನೆಲ್ಲ ತೆಗೆದು ಮುಚ್ಚಿರುತ್ತಾರೆ. ಆ ಶೂನ್ಯದಲ್ಲಿ ಎರಡು ಲೋಹದ ಬಿಲ್ಲೆಗಳು ಎದುರುಬದುರಾಗಿ ಇರುತ್ತವೆ. ಸ್ವಿಚ್ಚು ಹಾಕಿದರೆ ಕೂಡುತ್ತವೆ, ತೆಗೆದರೆ ಒಂದು ಬೆರಳಿನಷ್ಟು ದೂರ ಸರಿಯುತ್ತವೆ. ಗಾಳಿಯೇ ಇಲ್ಲದ ಆ ಬೆರಳಗಲವನ್ನು ಹನ್ನೊಂದು ಸಾವಿರ ವೋಲ್ಟ್ ಕೂಡ ದಾಟಬಾರದು.

ದಾಟಿತ್ತು. ತುರ್ಭೆಯ ಕಾರ್ಖಾನೆಯ ಸ್ವಪ್ನಿಲ್ ಸ್ವಿಚ್ಚು ತೆಗೆದು, ಕೇಬಲ್ಲನ್ನು ಭೂಮಿಗೆ ಜೋಡಿಸುವ ಕ್ಲಾಂಪು ಹಿಡಿದು ಮುಚ್ಚಳ ಬಿಚ್ಚಿದ್ದ. ಕ್ಲಾಂಪು ತಾಗುವ ಮೊದಲೇ ಕರೆಂಟು ಬಂದಿತ್ತು. ಮಾಡಬೇಕಾದ್ದನ್ನು ಮಾಡಬೇಕಾದ ಕ್ರಮದಲ್ಲೇ ಮಾಡುತ್ತಿದ್ದವನು ಸತ್ತುಹೋಗಿದ್ದ.

ಆ ಬಾಟಲಿ ತಯಾರಾದದ್ದು ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿ ಟೆಸ್ಟಿಂಗ್ ಸಂಗಮೇಶನದು. ಸರಿಯಾಗಿ ಟೆಸ್ಟ್ ಮಾಡಿದ ಬಾಟಲಿ ಹೀಗೆ ಕೈಕೊಡದು, ಆದ್ದರಿಂದ ಟೆಸ್ಟೇ ಆಗಿಲ್ಲ, ಸುಮ್ಮನೆ ಪಾಸು ಮಾಡಿದ್ದಾನೆ ಎನ್ನುವುದು ಪೊಲೀಸರ ವಾದ. ಅವನು ಈಗ ಕಲ್ಯಾಣದ ಜೈಲಿನಲ್ಲಿದ್ದ. ಜಾಮೀನಿನ ಅರ್ಜಿ ಸೋಮವಾರ ಕೋರ್ಟಿನ ಮುಂದೆ ಬರುವುದಿತ್ತು.

ಅವನ ಹೆಂಡತಿ ಕಾಂಚನಾ ಅದೇ ವರ್ಕ್‌ಶಾಪಿನಲ್ಲಿ ಡಿಸ್‌ಪ್ಯಾಚ್ ನೋಡುತ್ತಾಳೆ. ಸಿದ್ಧವಾದ ಮಾಲನ್ನು ಪ್ಯಾಕು ಮಾಡಿಸಿ ಲಾರಿಗೆ ಏರಿಸುವ ಕೆಲಸ. ಕನ್ನಡ ಸಂಘದ ಪರಿಚಯದ ಸಲುಗೆಯಿಂದ ವಾರದ ಹಿಂದೆ ಕೆಲಸದಿಂದ ನೇರವಾಗಿ ಯಜ್ಞೇಶ್ವರನ ಮನೆಗೆ ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಗೊಂಚಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಕೀಲಿಯನ್ನು ತಿರುವುತ್ತ, ಸುಳ್ಳು ಪಾಸು ಮಾಡುವ ಮನುಷ್ಯ ಅವರಲ್ಲ ಎಂದಷ್ಟೇ ಹೇಳಿದ್ದಳು. ಅಳಲಿಲ್ಲ. ಚಹಾವನ್ನು ಮುಟ್ಟಲಿಲ್ಲ.

"ಸರ್, ಯೇ ಮೆಟಲ್ ನಹೀ ಹೈ," ಎಂದಳು ಅಪೇಕ್ಷಾ, ಪರದೆಯಲ್ಲಿ ಲೋಹವಲ್ಲದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟು.

ಬಿಲ್ಲೆಯ ನಡುಭಾಗ ಕಿಡಿಯ ಬಿಸಿಗೆ ಕರಗಿಹೋಗಿತ್ತು. ಅಂಚು ಮಾತ್ರ ಉಳಿದಿತ್ತು. ಅಲ್ಲಿ ಲೇಥಿನ ಉಳಿ ಕೊರೆದ ಗೆರೆಗಳು ಒಂದರ ಪಕ್ಕ ಒಂದು, ನೇಗಿಲ ಸಾಲಿನಂತೆ ಶಿಸ್ತಾಗಿ ಇದ್ದವು. ಅವುಗಳ ಮೇಲೆ ಇನ್ನೊಂದು ಬಗೆಯ ಗೀರುಗಳಿದ್ದವು. ಸಣ್ಣವು, ಸುತ್ತು ಸುತ್ತಾದವು, ಒಂದರ ಮೇಲೊಂದು ಬಿದ್ದವು. ಯಂತ್ರದ ಗೆರೆ ಹಾಗಿರುವುದಿಲ್ಲ. ಯಾರೋ ಕೈಯಿಂದ ಉಜ್ಜಿದ್ದರು.

ಒಂದು ಗೆರೆಯೊಳಗೆ ಒಂದು ಕಣ ಅರ್ಧ ಹೂತು ಕೂತಿತ್ತು. ಎರಡು ಕೂದಲೆಳೆಯಷ್ಟು ದಪ್ಪ. ಅದರ ಪಕ್ಕದಲ್ಲೇ ಅಂಥದೇ ಇನ್ನೊಂದು ಕಣ ಎದ್ದುಹೋದ ಗುಂಡಿ.

ಅಪೇಕ್ಷಾ ಬಿಡಿಸಿ ಹೇಳಿದಳು. ಗಾಳಿಯಿಲ್ಲದ ಕಡೆ ಕಿಡಿಗೆ ದಾರಿ ಮಾಡಿಕೊಡುವುದು ಲೋಹದ ಮೈಯೇ. ಮೈಮೇಲೆ ಒಂದು ಸಣ್ಣ ಮೊನೆ ಇದ್ದರೆ, ಒಂದು ಅನ್ಯ ಕಣ ಅಂಟಿದ್ದರೆ, ವೋಲ್ಟೇಜಿನ ಸೆಳೆತವೆಲ್ಲ ಅಲ್ಲಿ ಹೋಗಿ ಕೂಡುತ್ತದೆ. ಆ ಬಿಂದು ಕಾಯುತ್ತದೆ, ಆವಿಯಾಗುತ್ತದೆ, ಆ ಆವಿಯಲ್ಲೇ ಕಿಡಿ ನಡೆದುಬಿಡುತ್ತದೆ. ಅದಕ್ಕೇ ಈ ಬಿಲ್ಲೆಗಳನ್ನು ಆಸಿಡ್ಡಿನಲ್ಲಿ ಅದ್ದಿ, ತೊಳೆದು, ಕೈಗವಸು ಹಾಕಿಯೇ ಮುಟ್ಟುತ್ತಾರೆ. ಪುಡಿ ಹಾಕಿ ಉಜ್ಜುವಂತಿಲ್ಲ. ಉಜ್ಜಿದರೆ ಹೊಳಪು ಬರುತ್ತದೆ, ಪುಡಿ ಒಳಗೆ ಉಳಿಯುತ್ತದೆ. ಮಂಕಾದರೂ ಶುದ್ಧವಾಗಿರುವುದೇ ಅಲ್ಲಿ ಲೇಸು.

ಬಾಟಲಿ ಮುಚ್ಚಿದ ಮೇಲೆ ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸಿ, ಸಣ್ಣ ಸಣ್ಣ ಕಿಡಿಗಳಿಂದಲೇ ಉಳಿದ ಮೊನೆಗಳನ್ನು ಸುಡುತ್ತಾರೆ. ಡೊಂಬಿವಲಿಯಲ್ಲಿ ಅದಕ್ಕೆ ಪಳಗಿಸುವುದು ಎನ್ನುತ್ತಾರೆ. ಹೂತುಹೋದ ಕಣ ಅದಕ್ಕೂ ಜಗ್ಗದೆ ಅಡಗಿ ಕೂತಿರಬಲ್ಲದು. ಆಮೇಲೆ ಸ್ವಿಚ್ಚು ಹಾಕಿ ತೆಗೆದಾಗಲೆಲ್ಲ ಬಿಲ್ಲೆಗೆ ಬಿಲ್ಲೆ ಬಡಿದು, ಒಂದು ದಿನ ಸಡಿಲಾಗಿ ಎದ್ದು ಬರುತ್ತದೆ.

"ಹಾಗಾದರೆ ಟೆಸ್ಟಿನ ದಿನ ಇದು ಪಾಸಾಗಿರಬಹುದು?"

"ಬಿಲ್ಕುಲ್. ಟೆಸ್ಟ್ ಝೂಠಾ ನಹೀ ಥಾ, ಸರ್."

ಟೆಸ್ಟು ಸುಳ್ಳಲ್ಲ: ಸಂಗಮೇಶನಿಗೆ ಬೇಕಾಗಿದ್ದ ಮಾತು ಅದೇ. ಆದರೆ ಯಜ್ಞೇಶ್ವರನ ಕಣ್ಣು ಇನ್ನೂ ಆ ಕಣದ ಮೇಲೇ ಇತ್ತು. ಅದರ ಮೈಮೇಲೆ ಜೋಳದ ತೆನೆಗೆ ಕಾಳು ಜೋಡಿಸಿದಂತೆ ಸಾಲು ಉಬ್ಬುಗಳಿದ್ದವು. ಮರಳು ಹಾಗಿರುವುದಿಲ್ಲ, ಯಾವ ಪಾಲಿಶ್ ಪುಡಿಯೂ ಹಾಗಿರುವುದಿಲ್ಲ ಎಂದಳು ಅಪೇಕ್ಷಾ. ಅಂಥದೇ ಚಿತ್ರವನ್ನು ಅವಳು ಹುಡುಕಿ ಇಟ್ಟಿದ್ದಳು. ಸಿಮೆಂಟಿಗೆ ಬೆರೆಸುವ ಬೂದಿಯ ಬಗ್ಗೆ ಯಾರೋ ಬರೆದದ್ದರಲ್ಲಿ ಸಿಕ್ಕಿತಂತೆ. ಭತ್ತದ ಹೊಟ್ಟನ್ನು ಸುಟ್ಟ ಬೂದಿ. ಆ ಹೊಟ್ಟಿನ ಮೈಯ ಗುರುತು ಕುಲುಮೆಯ ಬಿಸಿಗೂ ಅಳಿಯುವುದಿಲ್ಲ.

"ಎಂಐಡಿಸಿ ಮೇ ಭೂಸೀ ಕೌನ್ ಜಲಾತಾ ಹೈ?" ಎಂದು ನಕ್ಕಳು.

ಯಜ್ಞೇಶ್ವರನಿಗೆ ನಗು ಬರಲಿಲ್ಲ. ಎಂಐಡಿಸಿಯಲ್ಲಿ ಯಾರೂ ಹೊಟ್ಟು ಸುಡುವುದಿಲ್ಲ. ಊರಿನಲ್ಲಿ ಸುಡುತ್ತಾರೆ. ಅದಕ್ಕೆ ಉಮಿಕರಿ ಎನ್ನುತ್ತಾರೆ. ಹಲ್ಲಿಗೂ ಅದೇ, ದೇವರ ಪಾತ್ರೆಗೂ ಅದೇ. ಡೊಂಬಿವಲಿಯಲ್ಲಿ ಅದು ಯಾವ ಡಬ್ಬಿಯಲ್ಲಿದೆ, ಆ ಡಬ್ಬಿ ಯಾರ ಕೈಯಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು, ಈ ಕಸುಬಿಗೆ ಬಂದ ಮೇಲೆ ಮೊದಲ ಸಲ, ಅನ್ನಿಸಿತು.

*

ಶುಕ್ರವಾರ ಸಂಜೆ ಡೊಂಬಿವಲಿಯ ಕನ್ನಡ ಸಂಘದ ಹಾಲ್‌ನಲ್ಲಿ ಕಾವ್ಯವಾಚನ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕಿಟಕಿ ತೆರೆದರೆ ಎಂಐಡಿಸಿಯ ಗಾಳಿ ಮೂಗಿಗೆ ಕಟುವಾಗಿ ಬಡಿಯುತ್ತದೆ, ಮುಚ್ಚಿದರೆ ಸೆಕೆ. ತೆರೆದೇ ಇಡುತ್ತಾರೆ. ಯಜ್ಞೇಶ್ವರ ಠಾಣೆ ಪಟ್ಟಣದಿಂದ ಸ್ಲೋ ಲೋಕಲ್ ರೈಲು ಹಿಡಿದು ತಪ್ಪದೆ ಬರುತ್ತಿದ್ದ. ತಂದೆಯ ತೊಡೆಯ ಮೇಲೆ ಕೂತು ಕೇಳಿ ಬೆಳೆದ ಕಿವಿ ಅದು. ಪದ್ಯ ನಿಂತ ಮೇಲೂ ಸ್ವಲ್ಪ ಹೊತ್ತು ಕೇಳುತ್ತ ಕೂರುವ ಅಭ್ಯಾಸ.

ಅಂದು ಬೇಗ ಬಂದಿದ್ದ. ಹಾಲ್‌ನಲ್ಲಿ ಮುಕ್ತಕ್ಕ ಒಬ್ಬರೇ ಇದ್ದರು. ವೇದಿಕೆಯ ಮೆಟ್ಟಿಲ ಮೇಲೆ ಕೂತು, ಕಾಲುದೀಪವನ್ನು ಮಡಿಲಿಗೆ ಒರಗಿಸಿಕೊಂಡು ಬೆಳಗುತ್ತಿದ್ದರು. ಪಕ್ಕದಲ್ಲಿ ಒಂದು ತುಂಡು ಹುಣಿಸೆಹಣ್ಣು, ಮೆತ್ತನೆಯ ಹಳೆ ಬಟ್ಟೆ, ಕರಿ ಪುಡಿಯ ಡಬ್ಬಿ.

"ಇವತ್ತು ಎಂತ ಇಷ್ಟು ಬೇಗ? ಮುಂದಿನ ಸಾಲಲ್ಲಿ ಕೂತು ತೂಕಡಿಸ್ಲಿಕ್ಕೆ ಜಾಗ ಹಿಡಿಯೂದಾ?"

"ತೂಕಡಿಸುವುದಲ್ಲ ಮುಕ್ತಕ್ಕ, ಕಣ್ಣು ಮುಚ್ಚಿ ಕೇಳುವುದು."

"ಹೌದು ಹೌದು. ಗೊರಕೆ ಮಾತ್ರ ನಮಗೆ ಕೇಳ್ತದೆ."

ಅವನು ಕೆಳಗೆ ಕೂತ. ಅವರ ಕೈ ನೋಡಿದ. ಬಟ್ಟೆ ಸುತ್ತಿದ ಬೆರಳು ದೀಪದ ತಟ್ಟೆಯ ಮೇಲೆ ಸುತ್ತು ಸುತ್ತಾಗಿ, ಒಂದರ ಮೇಲೊಂದು ಸುತ್ತಾಗಿ, ಅವಸರವಿಲ್ಲದೆ ಹೋಗುತ್ತಿತ್ತು.

ವರ್ಕ್‌ಶಾಪಿನಲ್ಲಿ ಬಿಲ್ಲೆಗಳನ್ನು ತೊಳೆದು ಜೋಡಿಸುವ ಕೋಣೆ ಮುಕ್ತಕ್ಕನದು. ಗಂಡ ಹೋದ ಮೇಲೆ ಸೇರಿದ್ದರು. ಕೋಣೆಯ ಹೆಂಗಸರೆಲ್ಲ ಅವರ ಕೈಕೆಳಗೇ ಪಳಗಿದವರು. ಬಾಗಲಕೋಟೆಯಿಂದ ಒಂದು ಚೀಲ ಹಿಡಿದು ಬಂದ ಸಂಗಮೇಶನಿಗೆ ಕಾಂಚನಾ ಬರುವ ತನಕ ಊಟ ಹಾಕಿದ್ದೂ ಇದೇ ಕೈ. ರೊಟ್ಟಿ ತಟ್ಟಲು ಬರುವುದಿಲ್ಲವೆಂದು ಅವನು ಹಂಗಿಸುವನು. ಅನ್ನ ತಿನ್ನಲು ಬರುವುದಿಲ್ಲವೆಂದು ಇವರು ಹಂಗಿಸುವರು.

ಯಜ್ಞೇಶ್ವರ ಫೋನು ತೆಗೆದು ಅಪೇಕ್ಷಾ ಕೊಟ್ಟ ಚಿತ್ರವನ್ನು ಅವರ ಮುಂದೆ ಹಿಡಿದ.

ಮುಕ್ತಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೊದಲು ಗೊತ್ತಾಗಲಿಲ್ಲ. ಆಮೇಲೆ ಗೀರುಗಳನ್ನು ನೋಡಿದರು. ತಮ್ಮ ಬೆರಳನ್ನು ನೋಡಿದರು. ಬೆರಳು ನಿಂತಿತು.

"ಇದು ಆ ಬಾಟಲಿಯದ್ದಾ?"

"ಹೌದು."

"ಒಂದೇ ಒಂದು ಜೊತೆ, ಯಜ್ಞೇಶ. ಅದೊಂದೇ."

ನಡೆದದ್ದನ್ನು ಅವರು ಮೆಲ್ಲಗೆ, ಬೇರೆ ಯಾರದೋ ಕಥೆಯಂತೆ ಹೇಳಿದರು. ಅಂದು ತೊಳೆದ ನೀರು ಸರಿಯಿರಲಿಲ್ಲ. ಎರಡು ಬಿಲ್ಲೆಗಳ ಮೇಲೆ ಕಂದು ಕಲೆ ಉಳಿದಿತ್ತು. ಮತ್ತೆ ಅದ್ದಲು ಆಸಿಡ್ಡು ಮುಗಿದಿತ್ತು, ಹೊಸದು ಬರಬೇಕಿತ್ತು. ತೆಗೆದಿಟ್ಟು ಕಾಯಬಹುದಿತ್ತು. ಯಾರೂ ಅವಸರ ಮಾಡಿರಲಿಲ್ಲ, ಮಾಲೀಕ ಲೋಕನಾಥನೂ ಏನೂ ಅಂದಿರಲಿಲ್ಲ. ಕಲೆಯನ್ನು ನೋಡಿಕೊಂಡು ಇರಲಾಗಲಿಲ್ಲ, ಅಷ್ಟೇ. ಕೋಣೆಯ ದೇವರ ದೀಪಕ್ಕೆಂದು ಇಟ್ಟಿದ್ದ ಉಮಿಕರಿ ಕೈಗೆ ಸಿಕ್ಕಿತು. ಉಜ್ಜಿ, ತೊಳೆದು, ಒಣಗಿಸಿ ಇಟ್ಟರು. ಕನ್ನಡಿಯ ಹಾಗೆ ಆಗಿತ್ತು.

"ಯಾರೂ ನೋಡುವುದಿಲ್ಲವಲ್ಲ ಮುಕ್ತಕ್ಕ, ಮುಚ್ಚಿದ ಮೇಲೆ?"

"ಅದಕ್ಕೇ." ಅವರು ದೀಪವನ್ನು ಪಕ್ಕಕ್ಕಿಟ್ಟರು. "ಹೊರಗಿನ ಗಂಟೆ ಕಪ್ಪಾದ್ರೆ ಯಾರಾದ್ರೂ ತಿಕ್ತಾರೆ. ಗರ್ಭಗುಡಿಯ ಒಳಗಿನ ಪಾತ್ರೆಯನ್ನು ಯಾರು ನೋಡ್ತಾರೆ? ಯಾರೂ ಕಾಣದ ಕಡೆ ಇರುವುದು ಎಲ್ಲಕ್ಕಿಂತ ಹೆಚ್ಚು ಹೊಳೀಬೇಕು ಅಂತ ನಮಗೆ ಹೇಳಿಕೊಟ್ಟದ್ದು. ಕಲೆ ಇಟ್ಟುಕೊಂಡು ಒಳಗೆ ಕಳಿಸ್ಲಿಕ್ಕೆ ಮನಸ್ಸಾಗ್ಲಿಲ್ಲ ನಂಗೆ."

ಕಿಟಕಿಯಾಚೆ ಯಾವುದೋ ಕಾರ್ಖಾನೆಯ ಪಾಳಿಯ ಸೈರನ್ನು ಕೂಗಿ ನಿಂತಿತು.

"ಆ ಹುಡುಗನಿಗೆ ಅಮ್ಮ ಉಂಟಾ?"

ಉಂಟು ಎಂದ ಯಜ್ಞೇಶ್ವರ. ಸ್ವಪ್ನಿಲ್‌ನ ತಾಯಿಯನ್ನು ಕೋಪರಿಯ ಮನೆಯಲ್ಲಿ ಕಂಡು ಬಂದಿದ್ದ. ಮಗನ ಊಟದ ಡಬ್ಬಿಯನ್ನು ಆಕೆ ದಿನವೂ ತೊಳೆದು ಬೋರಲು ಹಾಕುತ್ತಿದ್ದಳು. ಅದನ್ನು ಮಾತ್ರ ಮುಕ್ತಕ್ಕನಿಗೆ ಹೇಳಲಿಲ್ಲ.

ಸೋಮವಾರ ಕೋರ್ಟಿಗೆ ಬಂದು ಇದಿಷ್ಟನ್ನು ಹೇಳಿದರೆ ಸಂಗಮೇಶನ ಟೆಸ್ಟು ಸುಳ್ಳಲ್ಲವೆಂದು ತೋರಿಸಬಹುದು ಎಂದ. ಹೇಳಿದರೆ ಅವರಿಗೇನಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಮುಕ್ತಕ್ಕ ಎದ್ದರು. ಬೆಳಗಿದ ದೀಪವನ್ನು ಎತ್ತಿ ವೇದಿಕೆಯ ಮೇಲಿಡಲು ಹೋದವರು ನಿಂತರು. ಅದನ್ನು ಮತ್ತೆ ಮೆಟ್ಟಿಲ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಕೋರ್ಟಿಗೆ ಬರ್ತೇನೆ. ಆದ್ರೆ ಮೊದಲು ಅವನ ಹತ್ರ ಹೇಳ್ಬೇಕು. ನಾಳೆಯೇ ಕರ್ಕೊಂಡು ಹೋಗು. ದೀಪ ನೀನೇ ಮೇಲಿಡು ಇವತ್ತು."

ಅಂದಿನ ವಾಚನದಲ್ಲಿ ಯಜ್ಞೇಶ್ವರ ಕಣ್ಣು ಮುಚ್ಚಲಿಲ್ಲ. ದೀಪ ಎಂದಿನಂತೆಯೇ ಹೊಳೆಯುತ್ತಿತ್ತು. ಮುಕ್ತಕ್ಕ ಕೂರುವ ಕುರ್ಚಿ ಖಾಲಿಯಿತ್ತು.

*

ಶನಿವಾರ ಯಜ್ಞೇಶ್ವರ, ಮುಕ್ತಕ್ಕ ಕಲ್ಯಾಣದ ಜೈಲಿಗೆ ಹೋದಾಗ ಭೇಟಿಯ ಸಾಲಿನಲ್ಲಿ ಕಾಂಚನಾ ಇವರಿಗಿಂತ ಮೊದಲೇ ನಿಂತಿದ್ದಳು. ಮೂವರ ಹೆಸರೂ ಒಂದೇ ಭೇಟಿಗೆ ಸೇರಿತು. ಯಜ್ಞೇಶ್ವರ ಸಾಲು ಮುಂದೆ ಸರಿಯುತ್ತಿದ್ದಂತೆ ಕಣದ ವಿಷಯ ಹೇಳಿದ: ಟೆಸ್ಟು ನಿಜವಾಗಿ ಆಗಿತ್ತು, ಅದಕ್ಕೆ ಪುರಾವೆ ಸಿಕ್ಕಿದೆ.

ಹಿಗ್ಗುತ್ತಾಳೆ ಎಂದುಕೊಂಡಿದ್ದ. ಅವಳು ತಲೆಯಾಡಿಸಿದಳು. ಮುಕ್ತಕ್ಕನ ಕೈಹಿಡಿದುಕೊಂಡಳು, ಬಿಟ್ಟಳು.

ಗೇಟಿನ ಬಳಿ ಫೋನು, ಕೀಲಿ ಎಲ್ಲ ಇಟ್ಟು ಹೋಗಲು ಹೇಳಿದರು. ಕಾಂಚನಾ ಸೊಂಟದ ಗೊಂಚಲನ್ನು ತೆಗೆದಳು. ತಟ್ಟೆಯಲ್ಲಿ ಹಾಕಲು ಒಂದು ಗಳಿಗೆ ತಡೆದಳು. ಪೇದೆ ಮರಾಠಿಯಲ್ಲಿ ಗದರಿದ ಮೇಲೆ ಹಾಕಿದಳು.

ಗಾಜಿನ ಆಚೆ ಸಂಗಮೇಶ, ಈಚೆ ಇವರು. ಮಾತಾಡಲು ಒಂದೇ ಒಂದು ಫೋನಿನ ಹಿಡಿಕೆ. ಹಿಡಿದವರಿಗೆ ಮಾತ್ರ ಕೇಳುತ್ತದೆ.

ಮುಕ್ತಕ್ಕ ಮೊದಲು ಹಿಡಿದರು. ನಿನ್ನೆ ಹೇಳಿದ್ದನ್ನೇ ಹೇಳಿದರು: ಕಲೆ, ಉಮಿಕರಿ, ಬಟ್ಟೆ. ಒಂದು ಮಾತನ್ನೂ ತಮಗೆ ಅನುಕೂಲವಾಗುವಂತೆ ತಿರುಗಿಸಲಿಲ್ಲ. ಸಂಗಮೇಶ ತಲೆ ತಗ್ಗಿಸಿ ಕೇಳಿದ. ಗಡ್ಡ ಬಂದಿತ್ತು, ಕಣ್ಣು ಗುಳಿಬಿದ್ದಿದ್ದವು. ಅವನು ಏನೋ ಹೇಳಿದ. ಅವರು ಇಲ್ಲವೆಂಬಂತೆ ಕತ್ತಾಡಿಸಿದರು, ಮತ್ತೆ ಆಡಿಸಿದರು, ಹಿಡಿಕೆಯನ್ನು ಯಜ್ಞೇಶ್ವರನ ಕೈಗಿಟ್ಟು ಗೋಡೆಯ ಬೆಂಚಿಗೆ ಹೋಗಿ ಕೂತರು. ಕಾಂಚನಾ ಮಾತ್ರ ಅವನ ಬೆನ್ನ ಹಿಂದೆಯೇ ನಿಂತಿದ್ದಳು.

"ಸರ, ಅಕ್ಕಾರಿಗೆ ಹೇಳ್ರಿ, ಅವರ ಕೈಯಿಂದ ಏನೂ ಆಗಿಲ್ಲ." ದನಿ ಒಡಕಲಾಗಿತ್ತು. "ನಾ ಹೇಳಿದ್ರ ನಂಬವಲ್ರು."

"ಅವರು ಉಜ್ಜಿದ್ದು ನಿಜ, ಸಂಗಮೇಶ. ಚಿತ್ರ ಇದೆ."

"ಉಜ್ಜಿದ್ದು ಖರೇ ಇರಬಹುದ್ರಿ. ಅದರಿಂದ ಅಂವ ಸತ್ತದ್ದು ಅಲ್ಲ." ಅವನು ಹಿಡಿಕೆಯನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದ. "ಆ ಬಾಟಲಿ ಪಳಗಿಸೋ ಮುಂದ ಒಮ್ಮೆ ಕಿಡಿ ಉಗುಳಿತ್ರಿ. ಎಲ್ಲಾ ಮುಗದು ಮ್ಯಾಲಿನ ವೋಲ್ಟೇಜಿನಾಗ ತಣ್ಣಗ ನಿಂತಿತ್ತು, ಒಮ್ಮಿಗೇ ಟಕ್ ಅಂತು. ಮೀಟರಿನ ಕಾಂಟಾ ಜಿಗೀತು. ಆಮ್ಯಾಲೆ ಸುಮ್ಮನಾತು. ಟೆಸ್ಟಿಗೆ ಹಾಕಿದೆ, ಪಾಸ್ ಆತು. ಮತ್ತೊಮ್ಮೆ ಹಾಕಿದೆ, ಆಗೂ ಪಾಸ್."

"ಪಾಸಾದ ಮೇಲೆ ಇನ್ನೇನು?"

"ಆ ಟಕ್ ಅಂದದ್ದು ನನ್ನ ಕಿವ್ಯಾಗ ಕುಂತಬಿಡ್ತಲ್ರಿ. ಒಳಗ ಏನೋ ಐತಿ ಅನಸ್ತು. ಅಕ್ಕಾರ ಜೋಡಿಸಿದ್ದು, ಹಂಗ ಆಗೂದಲ್ಲ ಅಂತನೂ ಅನಸ್ತು. ಸೀಳಿ ನೋಡಿದ್ರಾತು ಅಂತ ಬಾಜೂಕ ತಗದು ಕಪಾಟಿನಾಗ ಇಟ್ಟು ಕೀಲಿ ಹಾಕಿದೆ."

ಯಜ್ಞೇಶ್ವರ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡ. ಪದ್ಯ ಒಂದು ಸಾಲಿನ ನಡುವೆ ನಿಂತಾಗ ಮುಂದಿನ ಪದಕ್ಕೆ ಕಾಯುವಂತೆ ಕಾದ.

ಕೀಲಿ ಹಾಕಿದ ಬಾಟಲಿ ತಾನಾಗಿ ತುರ್ಭೆಗೆ ಹೋಗುವುದಿಲ್ಲ. ಯಾರೋ ಕಪಾಟು ತೆರೆದಿದ್ದಾರೆ. ಯಾರೋ ಅದನ್ನು ಪಾಸಾದ ಮಾಲಿನ ಜೊತೆ ಸೇರಿಸಿ ಲಾರಿಗೆ ಏರಿಸಿದ್ದಾರೆ.

"ಇದನ್ನು ಪೊಲೀಸರಿಗೆ ಹೇಳಿದ್ದೀಯಾ?"

"ಇಲ್ಲ."

"ವಕೀಲರಿಗೆ?"

"ಇಲ್ಲರಿ. ನಿಮಗ ಒಬ್ಬರಿಗೇ. ಅದೂ ಅಕ್ಕಾರ ಕೊರಗಬಾರದಂತ."

"ಕಪಾಟಿನ ಕೀಲಿ ಯಾರ ಯಾರ ಹತ್ತಿರ ಇರುತ್ತದೆ?"

"ಎರಡ ಅದಾವ್ರಿ. ಒಂದು ನನ್ನ ಕಡೆ."

ಹಾಗೆನ್ನುವಾಗ ಸಂಗಮೇಶನ ಕಣ್ಣು ಯಜ್ಞೇಶ್ವರನ ಮುಖವನ್ನು ಬಿಟ್ಟು, ಅವನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ಕೋಪವಿರಲಿಲ್ಲ ಅದರಲ್ಲಿ. ಬೇಡಿಕೆಯೂ ಇರಲಿಲ್ಲ. ಬಹಳ ದಿನ ಜೊತೆಗೆ ಬಾಳಿದವರು ಊರಿಗೆ ಹೊರಟಾಗ ಬಾಗಿಲಲ್ಲಿ ನಿಂತು ನೋಡುವಂಥ ನೋಟ.

ಯಜ್ಞೇಶ್ವರ ಹಿಂತಿರುಗಿ ನೋಡಲಿಲ್ಲ. ಗಾಜಿನಲ್ಲಿ ಕಾಂಚನಾಳ ಪ್ರತಿಬಿಂಬ ಸಂಗಮೇಶನ ಮುಖದ ಪಕ್ಕದಲ್ಲೇ ಬಿದ್ದಿತ್ತು. ಅವಳ ಬಲಗೈ ಸೊಂಟದಲ್ಲಿ, ಈಗ ಇಲ್ಲದ ಗೊಂಚಲನ್ನು ಹುಡುಕುತ್ತಿತ್ತು.

ಬೆಂಚಿನ ಮೇಲೆ ಮುಕ್ತಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಬೋರಲಾಗಿಟ್ಟು ಕೂತಿದ್ದರು.

"ಸಂಗಮೇಶ, ಕೇಳು." ಅವನು ದನಿ ಇಳಿಸಿದ. "ಮುಕ್ತಕ್ಕ ಸೋಮವಾರ ಕೋರ್ಟಿನಲ್ಲಿ ನಿಂತು ತಪ್ಪೆಲ್ಲ ತನ್ನದೆನ್ನುತ್ತಾರೆ. ನಿನ್ನ ಬದಲು ಅವರು ಸಿಕ್ಕಿಕೊಳ್ಳುತ್ತಾರೆ. ಈ ಒಂದು ಮಾತು ನೀನು ಹೇಳಿದರೆ ನೀನೂ ಹೊರಗೆ ಬರುತ್ತೀ, ಅವರೂ ಉಳಿಯುತ್ತಾರೆ. ಇನ್ನೊಂದು ಕೀಲಿ ಯಾರ ಹತ್ತಿರ ಇತ್ತು? ನನಗೆ ಬೇಡ, ಕೋರ್ಟಿಗೆ ಹೇಳು. ನಿನ್ನನ್ನು ಬೇಡಿಕೊಳ್ಳುತ್ತಿದ್ದೇನೆ."

ಸಂಗಮೇಶ ಹಿಡಿಕೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಸಮಯವಾಯಿತೆಂದು ಹಿಂದಿನಿಂದ ಯಾರೋ ಅವನ ಹೆಗಲು ಮುಟ್ಟಿದರು.

"ಅಕ್ಕಾರನ್ನ ಕೋರ್ಟಿಗೆ ಕರಕೊಂಡು ಬರಬ್ಯಾಡ್ರಿ. ಸೋಮವಾರ ನಾನ ಒಪ್ಪಿಕೊತೀನಿ, ಟೆಸ್ಟ್ ಮಾಡಿಲ್ಲಂತ," ಎಂದ. "ಆ ಹೆಸರು ಮಾತ್ರ ಕೇಳಬ್ಯಾಡ್ರಿ, ಸರ. ನಾ ಹೇಳೂದಿಲ್ಲ."